ನಾಲ್ಕು ಬೆರಳು ಬಲಕ್ಕೆ

ಹಲ್ಲಿನ ಡಾಕ್ಟರು ಆ ಮಾತು ಎತ್ತಿದಾಗ ಅವನ ಬಾಯಲ್ಲಿ ಎರಡು ಹತ್ತಿಯುಂಡೆ, ಒಂದು ಪುಟ್ಟ ಕನ್ನಡಿ, ಜೊಲ್ಲು ಹೀರುವ ಕೊಳವೆ, ಸಾಲದ್ದಕ್ಕೆ ಡಾಕ್ಟರ ಹೆಬ್ಬೆರಳೂ ಇತ್ತು. "ಭಾವ, ಒಂದ್ ವಿಷಯ ಕೇಳ್ಬೇಕಿತ್ತು," ಎಂದರು ಡಾಕ್ಟರು, ಒಳಗೆಲ್ಲೋ ಕೊರೆಯುತ್ತ. "ನನ್ ಜೊತೆ ಓಡ್ತಿದ್ದವರ ಮೊಣಕಾಲು ಹೋಯ್ತು. ಈ ವರ್ಷ ಹೆಂಗೋ ಒಬ್ನೇ ಓಡ್ತೀನಿ. ಈ ಸಲಾನೂ ನಿಮ್ಗೆ ಮುಗಿಸೋಕ್ ಆಗ್ಲಿಲ್ಲ ಅಂದ್ರೆ, ಮುಂದಿನ ವರ್ಷ ಅಕ್ಕ ನನ್ ಜೋಡಿಯಾಗಿ ಓಡ್ಲಿ. ನಿಮ್ದೇನೂ ಅಭ್ಯಂತರ ಇಲ್ಲ ತಾನೆ?" ಅವನು "ಆಁ" ಎಂದ. ಹಲ್ಲು ಕೊರೆಯುವಾಗ ಯಾರಾದರೂ ಅನ್ನುವುದು ಅಷ್ಟೇ. ಅದು ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ, ನೋವು. ಆದರೆ ಡಾಕ್ಟರು "ಥ್ಯಾಂಕ್ಸ್ ಭಾವ, ನಂಗೊತ್ತಿತ್ತು ನಿಮ್ಮನಸ್ಸು ದೊಡ್ಡದು," ಎಂದು ಹೆಬ್ಬೆರಳನ್ನು ಹೊರಗೆ ತೆಗೆದು, ಬಾಯಿ ಮುಕ್ಕಳಿಸಲು ನೀರು ಕೊಟ್ಟರು. ಮುಕ್ಕಳಿಸಿ ಉಗಿಯುವಾಗ ಮರಗಟ್ಟಿದ ತುಟಿ ಮಾತು ಕೇಳದೆ, ನೀರು ಅಂಗಿಯ ಮೇಲೆ ಸುರಿಯಿತು. ದೊಡ್ಡ ಮನಸ್ಸಿನವನು ಒದ್ದೆ ಅಂಗಿಯಲ್ಲಿ ಬೀದಿಗಿಳಿದ.

ಮನೆಯವರೆಗೂ ಅವನು ಒಳಗೊಳಗೇ ಉತ್ತರಗಳನ್ನು ಹೇಳಿಕೊಂಡು ಬಂದ. ಅಭ್ಯಂತರ ಇದೆ ಡಾಕ್ಟ್ರೇ. ಅಕ್ಕ ಅಂತೀರಲ್ಲ, ಯಾವ ಕಡೆಯಿಂದ ಅಕ್ಕ? ನಾನ್ಯಾವಾಗ ನಿಮಗೆ ಭಾವ ಆದೆ? ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಹೇಳುವ ಹೊತ್ತು ಮಾತ್ರ ಹತ್ತಿಯುಂಡೆಯ ಜೊತೆ ಕಸದ ಬುಟ್ಟಿ ಸೇರಿತ್ತು. ಹಾಗೆ ನೋಡಿದರೆ ಇದು ಅಂಥ ದೊಡ್ಡ ವಿಷಯವೂ ಅಲ್ಲ. ಓರಿಯೆಂಟಿಯರಿಂಗ್ ಎಂಬ ಆ ಹೆಸರನ್ನು ಅವನ ನಾಲಿಗೆ ಮರಗಟ್ಟದ ದಿನವೂ ಪೂರ್ತಿ ಹೇಳಲಾರದು. ಮನೆಯಲ್ಲಿ ಅದಕ್ಕೆ ಬಾವುಟದ ಓಟ ಎಂದೇ ಹೆಸರು. ಕಾಡುಗುಡ್ಡಗಳ ನಡುವೆ ಯಾರೋ ಕಿತ್ತಳೆ-ಬಿಳಿ ಬಣ್ಣದ ಬಾವುಟಗಳನ್ನು ಅಲ್ಲಲ್ಲಿ ಬಚ್ಚಿಟ್ಟಿರುತ್ತಾರೆ. ಒಂದು ನಕ್ಷೆ, ಒಂದು ದಿಕ್ಸೂಚಿ ಹಿಡಿದು ಒಂದಾದ ಮೇಲೊಂದರಂತೆ ಅವನ್ನು ಹುಡುಕಬೇಕು, ಪ್ರತಿಯೊಂದರ ಹತ್ತಿರ ತೂಗುಬಿಟ್ಟ ಚಿಮುಟದಿಂದ ಕಾರ್ಡಿಗೆ ತೂತು ಹಾಕಿಕೊಳ್ಳಬೇಕು, ಸಂಜೆ ಗಂಟೆ ಬಾರಿಸುವುದರೊಳಗೆ ಹೊರಟಲ್ಲಿಗೇ ಬಂದು ಸೇರಬೇಕು. ಹೊರಟಲ್ಲಿಗೇ ಬರೋದಕ್ಕೆ ಅಲ್ಲಿಂದ ಹೊರಡೋದ್ಯಾಕೆ ಎಂದು ಅವನ ಅತ್ತೆ ಒಮ್ಮೆ ಕೇಳಿದ್ದರು, ಅದಕ್ಕೆ ಈವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಆದರೆ ಜೋಡಿ ಓಟದಲ್ಲಿ ಇಡೀ ದಿನ ಹೆಂಡತಿ ಅವನ ಜೊತೆ ಇರುತ್ತಾಳೆ, ಅವನು ಕೈ ತೋರಿಸಿದ ಕಡೆಗೆ ನಡೆಯುತ್ತಾಳೆ. ಅವನು ತೋರಿಸಿದ ಕಡೆಗೆ ನಡೆಯುವ ಜೀವ ಈ ಲೋಕದಲ್ಲಿ ಬೇರೆ ಯಾವುದೂ ಇಲ್ಲ. ಅದನ್ನು "ಆಁ" ಎಂದು ಕೊಟ್ಟುಬಿಟ್ಟೆನಲ್ಲ ಎಂಬ ಸಂಕಟ, ಮರಗಟ್ಟಿದ್ದ ಬಾಯಿ ಬಿಟ್ಟು ಮೈಯೆಲ್ಲ ನೋಯಿಸಿತು.

ಹೆಂಡತಿ ನೆಲದ ತುಂಬ ಬಟ್ಟೆ ಹರವಿಕೊಂಡು ಯಾರದೋ ಮನೆಯ ಪರದೆಗೆ ಮಡಿಕೆ ಹಾಕುತ್ತಿದ್ದಳು. ಪರದೆಯ ಅಂಗಡಿಗೆ ಹೊಲಿದುಕೊಡುವುದು ಅವಳ ಕೆಲಸ. ಗಿರಾಕಿಗಳು ತಂದುಕೊಡುವ ಕಿಟಕಿಯ ಅಳತೆ ಎಂದೂ ಸರಿ ಇರುವುದಿಲ್ಲವಂತೆ. ಅವಳು ನಾಲ್ಕು ಬೆರಳು ಸೇರಿಸಿಯೇ ಕತ್ತರಿಸುತ್ತಾಳೆ, ಗಿರಾಕಿಗೆ ಹೇಳುವುದಿಲ್ಲ. ಡಾಕ್ಟರು ಕೇಳಿದ್ದನ್ನು ಅವನು ಅರ್ಧ ಬಾಯಲ್ಲಿ ಒಪ್ಪಿಸಿದ. "ಆಁ" ಎಂದದ್ದನ್ನು ಹೇಳಲಿಲ್ಲ. ಅವಳು ತುಟಿಯ ನಡುವೆ ಸೂಜಿ ಕಚ್ಚಿಕೊಂಡೇ ನಕ್ಕಳು. "ಅಯ್ಯೋ, ಪಾಪ," ಎಂದಳು. ಅಷ್ಟೇ. ಒಲ್ಲೆ ಎನ್ನಲಿಲ್ಲ, ಡಾಕ್ಟರಿಗೆ ತಲೆ ಕೆಟ್ಟಿದೆ ಎನ್ನಲಿಲ್ಲ. ಯಾರು ಪಾಪ? ಜೋಡಿಯಿಲ್ಲದ ಡಾಕ್ಟರೇ, ಹಲ್ಲು ನೋಯುವ ಗಂಡನೇ, ಇಲ್ಲ ಇಂಥ ಗಂಡನ ಜೊತೆ ಎರಡು ವರ್ಷ ಕಾಡು ಸುತ್ತಿದ ತಾನೇ? ಕೇಳಬಹುದಿತ್ತು. ಕೇಳಿದರೆ ಉತ್ತರ ಬರುತ್ತದೆಂಬ ಭಯದಿಂದ ಅವನು ಅಡುಗೆಮನೆಗೆ ಹೋಗಿ ಬಾಯಿ ಸುಡದಷ್ಟು ಬಿಸಿಯ ಹಾಲು ಕುಡಿದ. "ಈ ಸಲ ನೀವು ಬರೀ ಕೈ ತೋರ್ಸಿ, ಆಯ್ತಾ? ಮುಂದೆ ನಾನ್ ಹೋಗ್ತೀನಿ," ಎಂದು ಅವಳು ಅಲ್ಲಿಂದಲೇ ಕೂಗಿದಳು. ಹೋದ ವರ್ಷದ ಕೊನೆಯ ಬಾವುಟಕ್ಕೆ ಅವನು ಹುರುಪಿನಲ್ಲಿ ಅವಳನ್ನು ಹಿಂದೆ ಬಿಟ್ಟು, ದಿಕ್ಸೂಚಿಯ ಬಾಣ ಹೇಳಿದ ಕಡೆಗೇ ನೆಟ್ಟಗೆ ಓಡಿ, ಒಂದು ಕೋಳಿ ಫಾರಮ್ಮಿನೊಳಗೆ ಹೊಕ್ಕಿದ್ದ. ನಕ್ಷೆಯ ಪ್ರಕಾರ ಅಲ್ಲಿ ಕೆರೆ ಇರಬೇಕಿತ್ತು. ಬೇಸಿಗೆಯಲ್ಲವೇ, ಕೆರೆ ಬತ್ತಿದೆ, ಬತ್ತಿದ ಕೆರೆಯಲ್ಲಿ ಕೋಳಿ ಸಾಕಿದ್ದಾರೆ ಎಂದು ಅವನು ಕೋಳಿಗಳ ನಡುವೆ ನಿಂತು ವಾದಿಸಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟರಲ್ಲಿ ದೂರದಲ್ಲಿ ಗಂಟೆ ಬಾರಿಸಿತ್ತು, ಕೋಳಿಗಳೂ ಅದಕ್ಕೆ ದನಿಗೂಡಿಸಿದ್ದವು.

ಮರುದಿನ ಆರನೇ ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ ಲಿಫ್ಟಿನ ಹಗ್ಗಗಳಿಗೆ ಎಣ್ಣೆ ಹಚ್ಚುತ್ತಿದ್ದಾಗಲೂ ಆ ಪಾಪ ಅವನ ಬೆನ್ನು ಬಿಡಲಿಲ್ಲ. ಲಿಫ್ಟ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವನೇ ತಿಳಿದಿದ್ದ. ಆ ತಿಳಿವಳಿಕೆಗೂ ಒಂದು ಕಲೆ ಅಂಟಿತ್ತು. ಒಂದು ಹಳೆಯ ಕಚೇರಿಯ ಲಿಫ್ಟು ವರ್ಷಗಟ್ಟಲೆ ಎಲ್ಲ ಮಹಡಿಗಳಲ್ಲೂ ನೆಲಮಟ್ಟಕ್ಕಿಂತ ಒಂದಿಷ್ಟು ಕೆಳಗೇ ನಿಲ್ಲುತ್ತಿತ್ತು. ಯಾರೂ ದೂರು ಕೊಟ್ಟಿರಲಿಲ್ಲ. ಬೇರೇನೋ ಕೆಲಸಕ್ಕೆ ಹೋದವನು, ಯಾರೂ ಕೇಳದಿದ್ದರೂ, ಒಂದು ಭಾನುವಾರವಿಡೀ ಕೂತು ಅದನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಸರಿ ಮಾಡಿ ಬಂದ. ಸೋಮವಾರ ಬೆಳಿಗ್ಗೆ ಇಡೀ ಕಚೇರಿ ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ ಮುಗ್ಗರಿಸಿತು. ಗುಮಾಸ್ತರು ಒಬ್ಬರ ಮೇಲೊಬ್ಬರು ಬಿದ್ದರು, ಲೆಕ್ಕಾಧಿಕಾರಿ ಫೈಲುಗಳ ಸಮೇತ ಮಕಾಡೆ ಮಲಗಿದರು. "ಯಾರ್ರೀ ನಿಮ್ಗೆ ಸರಿ ಮಾಡಕ್ ಹೇಳಿದ್ದು?" ಎಂದು ಮ್ಯಾನೇಜರು ಫೋನಿನಲ್ಲಿ ಅರಚಿದರು. ಮಧ್ಯಾಹ್ನ ಅವನು ಮತ್ತೆ ಹೋಗಿ, ಮೊದಲು ಎಷ್ಟು ತಪ್ಪಿತ್ತೋ ಅಷ್ಟೇ ತಪ್ಪು ಮಾಡಿ ಬಂದ. ಅದನ್ನು ಅವನು ಹೆಂಡತಿಗೂ ಹೇಳಿಲ್ಲ. ಈಗ ಎಣ್ಣೆಯ ಡಬ್ಬಿ ಮುಚ್ಚಿ, ಅಭ್ಯಾಸಕ್ಕಾಗಿ ಆರೂ ಮಹಡಿಯ ಮೆಟ್ಟಿಲು ಇಳಿದ, ನಕ್ಷೆಯನ್ನು ಮೂಗಿನ ಮುಂದೆ ಹಿಡಿದು ಮತ್ತೆ ಓಡುತ್ತ ಹತ್ತಿದ. ಓಡುವಾಗ ಓದುವುದನ್ನು ರೂಢಿ ಮಾಡಿಕೊಳ್ಳಬೇಕು. ಮೂರನೇ ಮಹಡಿಯ ಮುದುಕಿಯೊಬ್ಬರು ಬಾಗಿಲು ತೆರೆದು, "ಏನಪ್ಪಾ, ಲಿಫ್ಟ್ ಮಾಡೋನೇ ಮೆಟ್ಲು ಹತ್ತಿದ್ರೆ ನಾವ್ ಏನಂತ ತಿಳ್ಕೋಬೇಕು?" ಎಂದರು. ಸಂಜೆಯ ಹೊತ್ತಿಗೆ ಲಿಫ್ಟು ಕೆಟ್ಟಿದೆ ಎಂಬ ಸುದ್ದಿ ಕಟ್ಟಡದ ತುಂಬ ಹಬ್ಬಿ, ಒಬ್ಬರೂ ಅದರೊಳಗೆ ಕಾಲಿಡಲಿಲ್ಲ.

ಓಟದ ಬೆಳಿಗ್ಗೆ ಡಾಕ್ಟರು ಮಂಡಿಯವರೆಗೆ ಬರುವ ಹಸಿರು ಕಾಲುಚೀಲ ಹಾಕಿ, ಕೈಗಡಿಯಾರದಲ್ಲಿ ಏನೇನೋ ಗುಂಡಿ ಒತ್ತುತ್ತ ನಿಂತಿದ್ದರು. "ಭಾವ, ಹಲ್ಲು ಹೆಂಗಿದೆ?" ಎಂದು ಎಲ್ಲರೆದುರು ಕೂಗಿದರು. ಸುತ್ತಲಿದ್ದವರು ತಿರುಗಿ ಅವನ ಬಾಯಿ ನೋಡಿದರು. ಅವನು ದಿಕ್ಸೂಚಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ. ಅದು ಎರಡು ವರ್ಷದ ಹಿಂದೆ ಲಿಫ್ಟಿನ ತಳದ ಹೊಂಡಕ್ಕೆ ಬಿದ್ದು, ಮುಳ್ಳಿನ ಬಿಲ್ಲೆಯ ಮುಂದೆ ಚಾಚಿದ್ದ, ದಾರಿ ತೋರಿಸುವ ಬಾಣವಿದ್ದ ಪಟ್ಟಿಯ ತುದಿ ಮುರಿದಿತ್ತು. ಹೊಸದು ತಗೊಳ್ಳಿ ಎಂದು ಹೆಂಡತಿ ಹೇಳಿದ್ದಳು, ರಿಪೇರಿ ಮಾಡೋನ ಮನೇಲಿ ಹೊಸದಾ ಎಂದು ಅವನು ನಕ್ಕು ಅಂಟು ಹಾಕಿ ಕೂಡಿಸಿದ್ದ. ಸೀಟಿ ಊದಿದರು. ಅವನು ದಿಕ್ಸೂಚಿ ನೋಡಿ ಕೈ ತೋರಿಸಿದ. ಅವಳು ಎಂದಿನಂತೆ ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಅಡ್ಡ ಹಿಡಿಯುವ ಹಾಗೆ ಅಂಗೈ ಮುಂದಕ್ಕೆ ಚಾಚಿ, "ಸರಿ, ಬನ್ನಿ," ಎಂದು ನಡೆದಳು. ಮೊದಲ ಬಾವುಟ ಬಂಡೆಯ ಹಿಂದೆ ಸಿಕ್ಕಿತು, ಎರಡನೆಯದು ಹಳ್ಳದ ತಿರುವಿನಲ್ಲಿ, ಮೂರನೆಯದು ಬಿದ್ದ ಮರದ ಬುಡದಲ್ಲಿ. ಅವನು ತೋರಿಸುತ್ತಿದ್ದ, ಅವಳು ಅಂಗೈ ಚಾಚುತ್ತಿದ್ದಳು, ಬಾವುಟ ಸಿಗುತ್ತಿತ್ತು. ತಾನು ರಸ್ತೆಬದಿಯ ಕೈಮರದಂತಾಗಿದ್ದೇನೆ ಎಂಬ ಚಿಕ್ಕ ಅವಮಾನ ಚುಚ್ಚಿದರೂ, ಕೈಮರವಾದರೂ ಸರಿಯಾದ ಕೈಮರವಲ್ಲವೇ ಎಂದು ಸಮಾಧಾನ ಮಾಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತೂತು ಬಿದ್ದಿತ್ತು. ಎರಡು ವರ್ಷದಲ್ಲಿ ಇಷ್ಟು ಬೇಗ ಇಷ್ಟು ದೂರ ಬಂದಿರಲಿಲ್ಲ. ಹಸಿರು ಕಾಲುಚೀಲದ ಮುಖಕ್ಕೆ ಇವತ್ತು ಕಾರ್ಡು ಹಿಡಿಯುತ್ತೇನೆ ಎಂದುಕೊಂಡ.

ಒಂದು ಉದ್ದನೆಯ ಪಾಳುಗೋಡೆಯ ಹತ್ತಿರ ಅವಳು "ಈಗ್ ಬಂದೆ" ಎಂದು ಪೊದೆಗಳ ಹಿಂದೆ ಹೋದಳು. ನಕ್ಷೆಯಲ್ಲಿ ಆ ಗೋಡೆ ನೇರ ಉತ್ತರಕ್ಕೆ, ಗೆರೆ ಎಳೆದ ಹಾಗೆ ಹೋಗಿತ್ತು. ಅವನಿಗೆ ಸುಮ್ಮನೆ ಕೂರಲಾಗದು. ಕಂಬ ಕಂಡರೆ ಲಂಬ ನೋಡುವ, ನೆಲ ಕಂಡರೆ ಮಟ್ಟ ನೋಡುವ ಕೈ. ದಿಕ್ಸೂಚಿಯ ಬಿಲ್ಲೆಯನ್ನು ಉತ್ತರಕ್ಕೆ ತಿರುಗಿಸಿ ಗೋಡೆಯ ಮೇಲಿಟ್ಟ. ಮುಳ್ಳು ಗೋಡೆಯ ಗುಂಟ ಸರಿಯಾಗಿ ನಿಂತಿತು. ಅದರ ಗೆರೆಯಲ್ಲೇ ಇರಬೇಕಿದ್ದ ಬಾಣ ಮಾತ್ರ ಗೋಡೆ ಬಿಟ್ಟು ಎಡಕ್ಕೆ ವಾಲಿತ್ತು. ಕಣ್ಣುಜ್ಜಿ ನೋಡಿದ, ಇನ್ನೊಂದು ಕಡೆ ಇಟ್ಟು ನೋಡಿದ. ಅಂಟು ಹಾಕುವಾಗ ತುದಿಯನ್ನು ಸೊಟ್ಟ ಕೂಡಿಸಿದ್ದೇನೆ! ಎರಡು ವರ್ಷದಿಂದ ಇದು ಹೇಳಿದ್ದೆಲ್ಲ ಎಡಕ್ಕೆ. ಲಿಫ್ಟನ್ನು ಕೂದಲೆಳೆಗೆ ನಿಲ್ಲಿಸುವವನ ಕೈಕೆಲಸ ಇದು. ಕಿವಿಯವರೆಗೂ ಬಿಸಿಯಾಯಿತು. ಸುತ್ತ ಯಾರೂ ಇಲ್ಲವೆಂದು ನೋಡಿ, ಯಾವಾಗಲೂ ಜೇಬಿನಲ್ಲಿರುವ ಸ್ಕ್ರೂಡ್ರೈವರಿನಿಂದ ಅಂಟು ಬಿಡಿಸಿದ, ಗೋಡೆಯನ್ನೇ ಅಳತೆಪಟ್ಟಿ ಮಾಡಿಕೊಂಡು ಬಾಣವನ್ನು ನೆಟ್ಟಗೆ ಮಾಡಿದ, ಹಿಮ್ಮಡಿಯ ಬೊಬ್ಬೆಗೆಂದು ತಂದಿದ್ದ ಬ್ಯಾಂಡೇಜು ಪಟ್ಟಿಯಿಂದ ಬಿಗಿದ. ಅವಳಿಗೆ ಹೇಳಬೇಕೆ? ಹೇಳಿದರೆ ಕೋಳಿ ಫಾರಮ್ಮು ಇನ್ನೊಮ್ಮೆ ಜೀವ ತಳೆಯುತ್ತದೆ. ಸರಿ ಮಾಡಿಯಾಯಿತಲ್ಲ, ಬಾಯಿ ಮುಚ್ಚಿಕೊಂಡಿದ್ದರಾಯಿತು. ಹಾಗಾದರೆ ಬೆಳಿಗ್ಗೆಯಿಂದ ಬಾವುಟಗಳು ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆಯೂ ಎದ್ದಿತು. ಅವನು ಬಾಳೆಹಣ್ಣು ಸುಲಿಯುತ್ತ ಅದನ್ನು ಆಳವಾಗಿ ಯೋಚಿಸಿದ. ಸೊಟ್ಟ ಯಂತ್ರ ಹಿಡಿದೂ ಸರಿಯಾದ ಜಾಗಕ್ಕೆ ಹೋಗಿದ್ದೇನೆಂದರೆ ನನ್ನೊಳಗೇ ಇನ್ನೊಂದು ಮುಳ್ಳಿದೆ, ಯಾವ ಅಂಟಿಗೂ ಸೊಟ್ಟಗಾಗದ ಮುಳ್ಳು ಎಂದು ತೀರ್ಮಾನಿಸಿದ. ಆ ಬಾಳೆಹಣ್ಣು ಅವನಿಗೆ ಬಹಳ ರುಚಿಸಿತು.

ಅಲ್ಲಿಂದ ಎಲ್ಲ ಕೆಟ್ಟಿತು. ಅವನು ತೋರಿಸಿದ, ಅವಳು ಅಂಗೈ ಚಾಚಿ ನೋಡಿ ನಡೆದಳು, ಹಳೆಯ ಬಾವಿಯ ಹತ್ತಿರ ಇರಬೇಕಾದ ಬಾವುಟದ ಜಾಗದಲ್ಲಿ ಬಾವಿಯೇ ಇರಲಿಲ್ಲ. ಸುತ್ತಿ ಸುತ್ತಿ ಕೊನೆಗೆ ಬಹಳ ಎಡಕ್ಕೆ ಸಿಕ್ಕಿತು. ಅದರ ಮುಂದಿನದಕ್ಕೆ ಇನ್ನೂ ಹೊತ್ತು ಹಿಡಿಯಿತು. ಒಳಗಿನ ಮುಳ್ಳೂ ಹೊರಗಿನ ಮುಳ್ಳೂ ಎರಡೂ ಸರಿ ಇರುವಾಗ ಹೀಗೇಕೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಇಲ್ಲಿ ಯಾರು ಎತ್ತು, ಯಾರು ಕೋಣ? ಅವಳು ಪ್ರತಿ ಸಲ ಅಂಗೈ ಚಾಚಿದಾಗ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ತನಗೆ ಬಂದಿರುವಂತೆ. ಕೊನೆಯ ಬಾವುಟ ದೂರದಲ್ಲಿತ್ತು, ಒಂದು ದಿಬ್ಬದ ನೆತ್ತಿಯಲ್ಲಿ. ಅವನು ತುಂಬ ಎಚ್ಚರದಿಂದ ತೋರಿಸಿದ, ಅವಳು ತುಂಬ ಎಚ್ಚರದಿಂದ ನಡೆದಳು, ಇಬ್ಬರೂ ತುಂಬ ಎಚ್ಚರದಿಂದ ಹೋಗಿ ಮೊಣಕಾಲುದ್ದದ ಜೌಗಿನಲ್ಲಿ ಹೂತುಕೊಂಡರು. ಸುತ್ತ ಜೊಂಡು, ಮೇಲೆ ಸೊಳ್ಳೆ. ದಿಬ್ಬ ಎಲ್ಲೂ ಇಲ್ಲ. ದಿಬ್ಬ ಕುಸಿದು ಜೌಗಾಗಿರಬಹುದೇ ಎಂಬ ವಾದ ನಾಲಿಗೆಯ ತುದಿಗೆ ಬಂತು. ಕೋಳಿಗಳನ್ನು ನೆನೆದು ನುಂಗಿಕೊಂಡ.

ಅಷ್ಟರಲ್ಲಿ ಹಿಂದಿನ ಜೊಂಡು ಅಲುಗಾಡಿ, ಎರಡು ಹಸಿರು ಕಾಲುಚೀಲಗಳು, ಈಗ ಕಪ್ಪಗಾದವು, ಹೊರಬಂದವು. "ಅಕ್ಕ, ಏನಾಯ್ತು? ಇಲ್ಲಿಗ್ಯಾಕ್ ಬಂದ್ರಿ?" ಎಂದರು ಡಾಕ್ಟರು, ಕೋಪದಿಂದಲೇ.

"ನೀವ್ಯಾಕ್ ಬಂದ್ರಿ?" ಎಂದ ಅವನು.

ಡಾಕ್ಟರು ಇಂಗು ತಿಂದ ಮಂಗನಂತೆ ನಿಂತರು. ಈ ಓಟದಲ್ಲಿ ಇನ್ನೊಬ್ಬರ ಬೆನ್ನು ಹಿಡಿದು ಹೋಗುವುದೆಂದರೆ ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದ ಹಾಗೆ. "ಬೆಳಿಗ್ಗೆಯಿಂದ ನಿಮ್ ಹಿಂದೇನೇ ಇದ್ದೆ," ಎಂದರು ಕೊನೆಗೆ. "ಹೋದ್ ವರ್ಷಾನೂ. ಅಕ್ಕ ತಪ್ಪೋದೇ ಇಲ್ವಲ್ಲ ಭಾವ! ಅದಕ್ಕೇ ಅಲ್ವಾ ನಾನ್ ಕೇಳಿದ್ದು."

ಅವಳು ಜೊಂಡಿನ ಗುಡ್ಡೆಯೊಂದರ ಮೇಲೆ ಕುಸಿದು ಕೂತಳು. ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. "ಇನ್ಮೇಲೆ ತಪ್ತೀನಿ ಬಿಡಿ ಡಾಕ್ಟ್ರೇ," ಎಂದಳು. "ನನ್ ಕೈ ಅಳತೆ ಹೋಯ್ತು. ಮಧ್ಯಾಹ್ನದಿಂದ ಒಂದೂ ಸರಿ ಬರ್ತಿಲ್ಲ. ಕಣ್ಣೇ ಕೈ ಕೊಟ್ಟಿರ್ಬೇಕು. ನಾಳೆ ಕತ್ರಿ ಹೆಂಗ್ ಹಿಡೀಲಿ ನಾನು?"

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಅವನು ಕಂಡ. ಜೌಗಿನಲ್ಲಿ ಹಿಂದೆ ಸರಿದರೆ ಪಚಕ್ಕೆಂದು ಸದ್ದಾಗುತ್ತದೆ. ಆ ಸದ್ದು ಅವನ ಕಿವಿಗೆ ಇಂಪಾಗಿ ಕೇಳಿತು. ತಪ್ಪುವ ಅಕ್ಕ ಡಾಕ್ಟರಿಗೆ ಬೇಡ. ಅವನು ಸುಮ್ಮನೆ ನಿಂತರೆ ಸಾಕು, ಬಾಯಿ ಬಿಡದಿದ್ದರೆ ಸಾಕು, ಹತ್ತಿಯುಂಡೆ ಇದ್ದಾಗಿನ ಹಾಗೆ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅವಳು ಅವನ ಜೋಡಿಯೇ. ಅವಳು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿ ನೋಡುತ್ತಿದ್ದಳು. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು. ಆ ಬೆರಳುಗಳಿಗೆ ಸುಳ್ಳು ಹೇಳಿದ ಹಾಗಾಗುತ್ತದೆ ಎನಿಸಿತು. "ನಿನ್ ಕಣ್ಣು ಸರಿಯಾಗೇ ಇದೆ ಕಣೇ," ಎಂದ. "ಕಂಪಾಸ್ ಸೊಟ್ಟ ಇತ್ತು. ನಾನೇ ಅಂಟು ಹಾಕುವಾಗ ಸೊಟ್ಟ ಮಾಡಿದ್ದೆ. ಗೋಡೆ ಹತ್ರ ನೀನು ಆ ಕಡೆ ಹೋದಾಗ ಸರಿ ಮಾಡ್ದೆ. ನಿಂಗೆ ಹೇಳೋಕೆ ನಾಚಿಕೆಯಾಯ್ತು."

ಅವಳು ತಲೆಯೆತ್ತಿದಳು. "ಸರಿ ಮಾಡಿದ್ರಾ?"

"ಹೂಂ."

"ನಂಗ್ ಹೇಳ್ದೆ?"

"ಹೂಂ."

"ಅಯ್ಯೋ ನಿಮ್ಮ! ನಾನ್ ಇಲ್ಲಿ ನಾಲ್ಕು ಬೆರಳು ಬಲಕ್ಕೆ ಹೋಗ್ತಾನೇ ಇದೀನಲ್ರೀ!" ಅವಳು ಎದ್ದು ನಿಂತು ಕೈ ಚಾಚಿ ತೋರಿಸಿದಳು, ಹೆಬ್ಬೆರಳು ಮಡಿಸಿ, ಉಳಿದ ನಾಲ್ಕನ್ನು ಜೋಡಿಸಿ. ಅದು ಬಿಸಿಲಿಗೆ ಅಡ್ಡ ಹಿಡಿದ ಕೈ ಅಲ್ಲ, ಅಳತೆ. "ನೀವ್ ತೋರ್ಸಿದ್ ಕಡೆಯಿಂದ ನಾಲ್ಕ್ ಬೆರಳು ಬಲಕ್ಕೆ ಹೋದ್ರೆ ಬಾವುಟ ಸಿಗುತ್ತೆ. ಎರಡ್ ವರ್ಷದಿಂದ ಹಂಗೇ ಬರ್ತಿರೋದು. ಅದಕ್ಕೇ ಮುಂದೆ ನಾನ್ ಹೋಗ್ತೀನಿ ಅಂದಿದ್ದು."

"ಮತ್ತೆ ಒಂದ್ ಮಾತು ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ಕಂಪಾಸ್ ಸೊಟ್ಟ ಅಂತ ನಂಗೇನ್ ಗೊತ್ತು? ನೀವೇ ಹಂಗೆ ಅಂದ್ಕೊಂಡಿದ್ದೆ."

ಅವನೊಳಗಿನ ಸೊಟ್ಟಗಾಗದ ಮುಳ್ಳು ಜೌಗಿನೊಳಗೆ ಎಲ್ಲೋ ಬಿದ್ದುಹೋಯಿತು. ಕಚೇರಿಯ ಲೆಕ್ಕಾಧಿಕಾರಿ ಇಲ್ಲದ ಮೆಟ್ಟಿಲಿಗೆ ಕಾಲೆತ್ತಿದ್ದು, ಫೈಲುಗಳು ಹಾರಿದ್ದು ಕಣ್ಮುಂದೆ ಬಂತು. ಅದನ್ನೂ ಈಗಲೇ ಅವಳಿಗೆ ಹೇಳಿಬಿಡಬೇಕೆನಿಸಿತು. ಜೌಗಿನ ನಡುವೆ ನಿಂತು, ಡಾಕ್ಟರ ಎದುರೇ, ಎಲ್ಲವನ್ನೂ ಹೇಳಿದ. ಮಧ್ಯಾಹ್ನ ಹೋಗಿ ಮತ್ತೆ ತಪ್ಪು ಮಾಡಿ ಬಂದದ್ದನ್ನೂ ಬಿಡಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು, ನಗುತ್ತ ಒಂದು ಕಾಲಿನ ಬೂಟು ಕೆಸರಿನಲ್ಲೇ ಬಿಟ್ಟು ಬಂದಳು. ಡಾಕ್ಟರು ಮೊಣಕೈವರೆಗೆ ಕೈ ಹಾಕಿ ಅದನ್ನು ಎಳೆದುಕೊಟ್ಟರು. ಹಲ್ಲು ಕೀಳುವವರ ಪಟ್ಟು ಗಟ್ಟಿ, ಒಂದೇ ಎಳೆತಕ್ಕೆ ಬಂತು. ಆಗಲೇ ದೂರದಲ್ಲಿ ಗಂಟೆ ಬಾರಿಸಿತು. ಕೊನೆಯ ಬಾವುಟ ಈ ಸಲವೂ ಹೋಯಿತು. ಅವನಿಗೆ ದುಃಖವಾಯಿತು, ನಿಜವಾದ ದುಃಖ. ತಾನು ಸೋತೆ, ಮಾತಿನ ಪ್ರಕಾರ ಅವಳು ಇನ್ನು ಡಾಕ್ಟರ ಜೋಡಿ.

ಹೊರಟಲ್ಲಿಗೆ ವಾಪಸು ಬಂದು ಕಾರ್ಡು ಒಪ್ಪಿಸುವಾಗ ಮೇಜಿನವರು ಅವರ ಕಾಲುಗಳನ್ನು ನೋಡಿ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಡಾಕ್ಟರು ಕೊಳಾಯಿಯ ಕೆಳಗೆ ಕಾಲುಚೀಲ ಹಿಂಡುತ್ತ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗತ್ತಿನಲ್ಲಿ, "ಅಕ್ಕ, ನಿಮ್ ಕಣ್ಣು ಸರಿ ಇದೆ ಅಂತಾಯ್ತಲ್ಲ. ಹಂಗಾದ್ರೆ ಮುಂದಿನ ವರ್ಷ ನಮ್ ಜೋಡಿ ಖಾಯಂ. ಭಾವ ಆವತ್ತೇ ಹೂಂ ಅಂದಿದಾರೆ," ಎಂದರು.

"ಹೂಂ ಅಂದ್ರಾ?" ಅವಳು ಅವನ ಕಡೆ ತಿರುಗಿದಳು.

"ಆಁ ಅಂದೆ," ಎಂದ ಅವನು. "ಬಾಯಲ್ಲಿ ಅವರ ಹೆಬ್ಬೆರಳಿತ್ತು. ನಂಗ್ ಇಷ್ಟ ಇಲ್ಲ. ಆವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ." ಹೇಳಿಬಿಟ್ಟೆನಲ್ಲ ಎಂದು ಅವನಿಗೇ ಅಚ್ಚರಿಯಾಯಿತು. ಇನ್ನು ಅವಳ ಇಷ್ಟ.

ಅವಳು ಬೂಟಿನೊಳಗಿನ ಕೆಸರನ್ನು ನಿಧಾನವಾಗಿ ಬಗ್ಗಿಸಿದಳು. "ಆಗೋದಿಲ್ಲ ಡಾಕ್ಟ್ರೇ," ಎಂದಳು. "ಇವರು ಎಷ್ಟು ತಪ್ತಾರೆ ಅಂತ ನಂಗೊತ್ತು. ನೀವ್ ಎಷ್ಟು ತಪ್ತೀರೋ ಯಾರಿಗ್ ಗೊತ್ತು? ಅದನ್ನ ಮೊದಲಿಂದ ಕಲಿಯೋಷ್ಟು ಪುರುಸೊತ್ತು ನಂಗಿಲ್ಲ."

ಅದು ಹೊಗಳಿಕೆಯೋ ಬೈಗುಳವೋ ಅವನಿಗೆ ಗೊತ್ತಾಗಲಿಲ್ಲ. ಯಾವುದಾದರೂ ಇರಲಿ, ಕಣ್ಣು ಮಂಜಾಯಿತು. ಮೈದಾನ ಖಾಲಿಯಾಗುತ್ತಿತ್ತು, ಬಾವುಟಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅವನು ಕೆಮ್ಮಿ, "ಅಂಟು ಹಾಕಿದ್ದು ಎರಡ್ ವರ್ಷದ ಹಿಂದೆ. ಅದಕ್ಕೂ ಮುಂಚೆ, ನಾವು ಬರೀ ಪಾರ್ಕಲ್ಲಿ ಅಭ್ಯಾಸ ಮಾಡ್ತಿದ್ದಾಗ, ನಾನ್ ಸರಿಯಾಗ್ ತೋರಿಸ್ತಿದ್ದೆ ಅಲ್ವಾ?" ಎಂದು ಕೇಳಿದ.

"ಒಂದ್ ಬೆರಳು," ಎಂದಳು ಅವಳು.

"ಏನು?"

"ಆಗ್ಲೂ ಒಂದ್ ಬೆರಳು ಬಲಕ್ಕೆ ಹೋಗ್ತಿದ್ದೆ. ಅದು ಕಂಪಾಸಿಂದಲ್ಲ. ಅದು ನಿಮ್ದೇ."

ಅವನು ತಲೆ ಅಲ್ಲಾಡಿಸಿದ. ಬೂಟುಗಳನ್ನು ಕೈಯಲ್ಲಿ ಹಿಡಿದು ಇಬ್ಬರೂ ಬರಿಗಾಲಲ್ಲಿ ಹೊರಟರು. ಎದುರಿಗೆ ಮರಗಳ ಸಾಲು, ಅದರಾಚೆ ಎಲ್ಲೋ ರಸ್ತೆ. "ಬಸ್ ನಿಲ್ಲೋದು ಆ ಕಡೆ," ಎಂದು ಅವನು ರೂಢಿಯಂತೆ ಕೈ ತೋರಿಸಿದ. ಅವಳು ಒಂದು ಕಣ್ಣು ಮುಚ್ಚಿ ತೋಳು ಚಾಚಿದಳು, ತೋರುಬೆರಳೊಂದನ್ನೇ ಎತ್ತಿ ಹಿಡಿದಳು, ಆಮೇಲೆ ಅವನು ತೋರಿಸಿದ್ದಕ್ಕಿಂತ ಒಂಚೂರು ಬಲಕ್ಕೆ ನಡೆದಳು. ಅವನು ಅವಳ ಹಿಂದೆ ಹೋದ. ಮರಗಳು ಮುಗಿದ ಕಡೆ, ಸರಿಯಾಗಿ ಅವರ ಎದುರಿಗೇ, ಬಸ್ಸು ನಿಂತಿತ್ತು.